ಹತ್ತನ್ನು ತಿಳಿಯಲು ಎಂಟನ್ನು ನೋಡು

ಅಕ್ಕ ತೀರಿಕೊಂಡ ನಾಲ್ಕನೆಯ ದಿನ ಬೆಳಗ್ಗೆ ನಾವು ಒಂಬತ್ತು ಜನ ಶೂಟಿಂಗ್ ರೇಂಜ್‌ನ ಬಾಗಿಲ ಹೊರಗೆ ನಿಂತಿದ್ದೆವು. ಹೆಗಲಲ್ಲಿ ರೈಫಲ್ ಪೆಟ್ಟಿಗೆ, ತೋಳಿನ ಮೇಲೆ ಮಡಚಲಾಗದ ದಪ್ಪ ಜಾಕೆಟ್. ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಹದಿನಾಲ್ಕು ವರ್ಷ ಆ ಬಾಗಿಲಿನಿಂದ ಒಳಗೆ ಹೋಗಿದ್ದೇನೆ. ಅದಕ್ಕೊಂದು ಬೀಗವಿದೆ ಎಂಬುದನ್ನು ಅಂದು ಮೊದಲ ಬಾರಿ ನೋಡಿದೆ. ನಾವು ಬರುವ ಹೊತ್ತಿಗೆ ಬಾಗಿಲು ತೆರೆದೇ ಇರುತ್ತಿತ್ತು, ದೀಪ ಉರಿಯುತ್ತಿತ್ತು, ಒಳಗಿನಿಂದ ಸ್ಟೇಪ್ಲರ್‌ನ ಟಕ್ ಟಕ್ ಸದ್ದು ಕೇಳಿಸುತ್ತಿತ್ತು. ಅಷ್ಟೇ ನಮಗೆ ಗೊತ್ತಿದ್ದದ್ದು.

ಅವರಿಗೆ ಹೆಸರಿರಲಿಲ್ಲ ಎಂದಲ್ಲ, ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ನಮ್ಮ ಕೋಚ್‌ಗೂ ಅವರು ಅಕ್ಕನೇ. ಮೊದಲು ಬಂದದ್ದು ಮಗಳನ್ನು ಏರ್ ರೈಫಲ್ ತರಬೇತಿಗೆ ಸೇರಿಸಲು. ಮಗಳು ಒಳಗೆ ಅಭ್ಯಾಸ ಮಾಡುವಾಗ ಹೊರಗಿನ ಬೆಂಚಿನ ಮೇಲೆ ಕುಳಿತು ಕಾಯುತ್ತಿದ್ದರಂತೆ. ಒಂದು ದಿನ ಪಂದ್ಯದ ಟಾರ್ಗೆಟ್ ಹಾಳೆಗಳಿಗೆ ಸಂಖ್ಯೆ ಬರೆಯಲು ಜನ ಸಾಲದೆ ಯಾರೋ ಅವರನ್ನು ಕರೆದರು. ಒಂದೂವರೆ ವರ್ಷದಲ್ಲಿ ಮಗಳಿಗೆ ಬೇಸರ ಬಂತು, ಬಿಟ್ಟಳು. ತಾಯಿ ಬಿಡಲಿಲ್ಲ. ಸಂಬಳವಿಲ್ಲ, ಹುದ್ದೆಯಿಲ್ಲ, ಸಮಿತಿಯ ಪಟ್ಟಿಯಲ್ಲಿ ಹೆಸರೂ ಇಲ್ಲ. ಈ ಸಾಲನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆ ಪಟ್ಟಿಯಲ್ಲಿ ಆರು ವರ್ಷ ನನ್ನ ಹೆಸರಿತ್ತು, ಅಲ್ಲಿ ನಾನು ಮಾಡಿದ ಕೆಲಸವೇನು ಎಂದು ಕೇಳಿದರೆ ಥಟ್ಟನೆ ಹೇಳಲಾರೆ.

ಬೀಗವನ್ನು ಒಡೆಯಲಿಲ್ಲ. ಕೋಚ್ ಅಕ್ಕನ ಮಗಳಿಗೆ ಫೋನ್ ಮಾಡಿದರು. ಅವಳು ಮಧ್ಯಾಹ್ನ ಬಂದು ಒಂದು ಕೀ ಗೊಂಚಲನ್ನೂ ಒಂದು ತಗಡಿನ ಪೆಟ್ಟಿಗೆಯನ್ನೂ ಕೊಟ್ಟಳು. “ಅಣ್ಣ, ಅಮ್ಮ ಇಲ್ಲಿ ಏನು ಮಾಡುತ್ತಿದ್ದರು?” ಎಂದು ನನ್ನನ್ನು ಕೇಳಿದಳು. ಸ್ಕೋರ್ ನೋಡುತ್ತಿದ್ದರು ಎಂದೆ. “ಅದಕ್ಕೆ ವಾರದಲ್ಲಿ ನಾಲ್ಕು ದಿನ ಬೇಕೇ?” ಎಂದಳು. ಉತ್ತರ ಹೊಳೆಯಲಿಲ್ಲ.

ಆ ವಾರವೇ ಸಂತಾಪದ ಮಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ. ‘ಸದಾ ಹಸನ್ಮುಖಿ’, ‘ಎಲ್ಲರ ಅಚ್ಚುಮೆಚ್ಚು’, ‘ತುಂಬಲಾರದ ನಷ್ಟ’. ಓದಿ ನೋಡಿದರೆ ಅದು ಯಾರ ಬಗ್ಗೆಯಾದರೂ ಇರಬಹುದಿತ್ತು. ಅಕ್ಕ ಹಸನ್ಮುಖಿಯಾಗಿರಲಿಲ್ಲ. ಅವರು ನಕ್ಕದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ಯಾರಾದರೂ ರೈಫಲ್ ಕೆಳಗಿಟ್ಟು ಸುರಕ್ಷತಾ ಫ್ಲ್ಯಾಗ್ ಹಾಕಲು ಮರೆತರೆ, ಆ ಕಿತ್ತಳೆ ಬಣ್ಣದ ದಾರವನ್ನು ತಾವೇ ತಂದು ಅವರ ಕಣ್ಣ ಮುಂದೆ ಹಿಡಿಯುತ್ತಿದ್ದರು, ಒಂದು ಮಾತೂ ಆಡದೆ. ನಳಿಗೆಯ ಉದ್ದಕ್ಕೂ ಹಾದು ಬಾಯಿಯಿಂದ ಹೊರಗೆ ಇಣುಕುವ ಆ ದಾರ ಕಂಡರೆ ಮಾತ್ರ ಒಳಗೆ ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡು, ಇಲ್ಲ ಎಂದು ದೂರದಿಂದಲೇ ಗೊತ್ತಾಗುತ್ತದೆ. ಹೊರಗೆ ಹೋಗುವಾಗ ಬಾಗಿಲ ಬಳಿ ನಿಂತು “ಕೈ?” ಎನ್ನುತ್ತಿದ್ದರು. ಪೆಲೆಟ್ ಸೀಸದ್ದು, ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯದೆ ಯಾರೂ ಏನನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಐವತ್ತು ದಾಟಿದವರೂ ಮಕ್ಕಳ ಹಾಗೆ ಅಂಗೈ ಚಾಚಿ ತೋರಿಸಿ ಹೋಗುತ್ತಿದ್ದೆವು.

ನಾನು ಬರೆದದ್ದನ್ನು ಹರಿದು ಹಾಕಿದೆ. ಬರೆಯಬೇಕಿದ್ದುದು ಬೇರೆಯೇ ಒಂದು ಸಂಗತಿ, ಅದನ್ನು ಸಂತಾಪ ಸಭೆಯಲ್ಲಿ ಓದುವ ಧೈರ್ಯ ಇರಲಿಲ್ಲ. ಇಲ್ಲಿ ಬರೆಯುತ್ತೇನೆ.

ಅದು ನನ್ನ ಮೂರನೆಯ ವರ್ಷ. ಆಗ ನಮ್ಮಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್‌ಗಳು ಬಂದಿರಲಿಲ್ಲ, ಎಲ್ಲವೂ ಕಾಗದ. ಒಂದು ಹಾಳೆಯಲ್ಲಿ ಹತ್ತು ಗುರಿ, ಗುರಿಗೊಂದು ಗುಂಡು. ಮುಂದಿನ ಹಂತದ ಆಯ್ಕೆಗೆ ನನಗೆ ಒಂದೇ ಒಂದು ಅಂಕ ಬೇಕಿತ್ತು, ಕೊನೆಯ ಹಾಳೆಯ ಒಂಬತ್ತನೆಯ ಗುಂಡು ಗೆರೆಯ ಮೇಲಿತ್ತು. ಹತ್ತು ಮೀಟರ್ ಏರ್ ರೈಫಲ್‌ನ ಗುರಿ ಎಷ್ಟು ಚಿಕ್ಕದೆಂದು ನೋಡದವರಿಗೆ ಹೇಳಬೇಕು. ಅತ್ಯಂತ ಹೊರಗಿನ ವೃತ್ತದ ವ್ಯಾಸ 45.5 ಮಿಲಿಮೀಟರ್. ಒಂಬತ್ತರ ವೃತ್ತ 5.5 ಮಿಲಿಮೀಟರ್. ಹತ್ತು ಎಂಬುದು ವೃತ್ತವೇ ಅಲ್ಲ, ಅರ್ಧ ಮಿಲಿಮೀಟರ್‌ನ ಒಂದು ಬಿಳಿ ಚುಕ್ಕೆ. ಪೆಲೆಟ್ 4.5 ಮಿಲಿಮೀಟರ್ ದಪ್ಪ. ಅಂದರೆ ಒಳ್ಳೆಯ ಗುಂಡು ಬಿದ್ದರೆ ಚುಕ್ಕೆಯೇ ಹಾರಿಹೋಗುತ್ತದೆ. ಇಲ್ಲದ ಚುಕ್ಕೆಯನ್ನು ಮುಟ್ಟಿದೆಯೋ ಇಲ್ಲವೋ ಎಂದು ಹೇಗೆ ಹೇಳುವುದು?

ಅಲ್ಲಿ ಗೇಜ್ ಬರುತ್ತದೆ. ಬೆರಳಿನಷ್ಟು ಉದ್ದದ ಉಕ್ಕಿನ ಕಡ್ಡಿ, ತೂತಿನಲ್ಲಿ ಸರಿಯಾಗಿ ಕೂರುವಷ್ಟು ದಪ್ಪ, ಮೇಲೆ 5.5 ಮಿಲಿಮೀಟರ್ ಅಗಲದ ಒಂದು ಪುಟ್ಟ ಬಿಲ್ಲೆ. ಅದನ್ನು ತೂತಿಗೆ ನೇರವಾಗಿ ಇಳಿಸಿ, ಭೂತಕನ್ನಡಿಯಲ್ಲಿ ಬಿಲ್ಲೆಯ ಹೊರ ಅಂಚನ್ನು ನೋಡಬೇಕು. ಅಂಚು ಎಂಟರ ಗೆರೆಯನ್ನು ದಾಟದಿದ್ದರೆ ಅದು ಹತ್ತು. ದಾಟಿದರೆ ಒಂಬತ್ತು. “ಹತ್ತನ್ನು ತಿಳಿಯಲು ಎಂಟನ್ನು ನೋಡು” ಎಂದು ಅಕ್ಕ ಹೊಸಬರಿಗೆ ಹೇಳುತ್ತಿದ್ದರು. ಯಾರೋ ಒಬ್ಬರು ಅದನ್ನು ಜೀವನದ ತತ್ತ್ವವೆಂದು ತಿಳಿದು ತಲೆಯಾಡಿಸಿದಾಗ, “ತತ್ತ್ವ ಅಲ್ಲ, ಲೆಕ್ಕ” ಎಂದಿದ್ದರು.

ನನ್ನ ಗುಂಡಿಗೆ ಗೇಜ್ ಹಾಕಿದರು. ಬಹಳ ಹೊತ್ತು ನೋಡಿದರು. ಪಕ್ಕದಲ್ಲಿ 9 ಎಂದು ಬರೆದು, ಕಿರುಸಹಿ ಹಾಕಿದರು. ಇನ್ನೊಂದು ಸಲ ಹಾಕಿ ನೋಡಿ ಎಂದೆ. ಗೇಜ್ ಒಂದು ತೂತಿಗೆ ಒಂದೇ ಸಲ. ಎರಡನೆಯ ಸಲ ಹಾಕಿದರೆ ಕಾಗದ ಹಿಗ್ಗುತ್ತದೆ, ಆಗ ಅದು ನೀನು ಹೊಡೆದ ತೂತಾಗಿ ಉಳಿಯುವುದಿಲ್ಲ, ನಾನು ಮಾಡಿದ ತೂತಾಗುತ್ತದೆ ಎಂದರು. ನಾನು ಆಯ್ಕೆಯಾಗಲಿಲ್ಲ. ಎರಡು ತಿಂಗಳು ಅವರೊಂದಿಗೆ ಮಾತಾಡಲಿಲ್ಲ. ಆಮೇಲೆ ಒಂದು ಪಂದ್ಯದಲ್ಲಿ ನಾನೇ ಒಂಬತ್ತೆಂದು ಕೈಬಿಟ್ಟಿದ್ದ ಗುಂಡಿಗೆ ಅವರು ಗೇಜ್ ಹಾಕಿ 10 ಎಂದು ಬರೆದಾಗ, ಮುಖದಲ್ಲಿ ಅದೇ ಭಾವ ಇತ್ತು. ಅಂದರೆ ಯಾವ ಭಾವವೂ ಇರಲಿಲ್ಲ. ನನ್ನ ಯಾವ ಹತ್ತನ್ನೂ ಅವರು ಕರುಣೆಯಿಂದ ಕೊಟ್ಟಿಲ್ಲ ಎಂಬುದು ಆಗ ತಿಳಿಯಿತು. ಅಲ್ಲಿಂದ ಮುಂದೆ ಅವರು ಬರೆದ ಒಂದೊಂದು ಹತ್ತೂ ನನಗೆ ಪೂರ್ತಿ ನನ್ನದಾಗಿ ಕಂಡಿತು.

ಇರಲಿ. ಪಂದ್ಯದ ವಿಷಯಕ್ಕೆ ಬರುತ್ತೇನೆ.

ಅಕ್ಕನ ನೆನಪಿಗೆ ಒಂದು ಪಂದ್ಯ ನಡೆಸಬೇಕೆಂದು ಎಲ್ಲರೂ ಒಪ್ಪಿದರು. ಹೇಗೆ ಎಂಬಲ್ಲಿ ಜಗಳ ಶುರುವಾಯಿತು. ಒಬ್ಬರು ಗುಂಡು ಹಾರಿಸಿ ಗೌರವ ಸಲ್ಲಿಸೋಣ ಎಂದರು. ಕೋಚ್ ಅವರತ್ತ ತಿರುಗಿ, “ಯಾವ ಗುರಿಗೆ?” ಎಂದು ಕೇಳಿದರು. ರೇಂಜ್‌ನಲ್ಲಿ ಗುರಿಯಿಲ್ಲದೆ ಗುಂಡು ಹಾರುವಂತಿಲ್ಲ, ರೈಫಲ್‌ನ ಬಾಯಿ ಟಾರ್ಗೆಟ್‌ನ ದಿಕ್ಕು ಬಿಟ್ಟು ತಿರುಗುವಂತಿಲ್ಲ. ಆಕಾಶಕ್ಕೆ ಗುಂಡು ಹೊಡೆದವನನ್ನು ಅಕ್ಕ ಆ ದಿನವೇ ಹೊರಗೆ ಕಳಿಸುತ್ತಿದ್ದರು. ಫೈರಿಂಗ್ ಲೈನ್‌ನಲ್ಲಿ ಫೋಟೊ ಇಡೋಣವೇ? ಅಲ್ಲಿ ಶೂಟರ್‌ನ ಸಾಮಾನಲ್ಲದೆ ಏನನ್ನೂ ಇಡಬಾರದೆಂದು ಗೋಡೆಯ ಮೇಲೆ ಬರೆದಿದೆ, ಬರೆದದ್ದು ಅವರದೇ ಕೈ. ಒಂದು ಲೇನ್ ಅವರಿಗಾಗಿ ಖಾಲಿ ಬಿಡೋಣ ಎಂದು ನಾನು ಹೇಳಿದೆ. ನನ್ನ ಸಲಹೆ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಒಳಗೊಳಗೇ ಬೀಗಿದ್ದೆ ಕೂಡ. ಕೊನೆಯಲ್ಲಿ ಕುಳಿತಿದ್ದ ಹದಿನಾರರ ಹುಡುಗಿ ಮೆಲ್ಲಗೆ, “ಕಾಯುವ ಪಟ್ಟಿಯಲ್ಲಿ ಜನ ಇರುವಾಗ ಲೇನ್ ಖಾಲಿ ಬಿಟ್ಟರೆ ಅಕ್ಕ ಬೈಯುತ್ತಿದ್ದರು” ಎಂದಳು. ಸರಿ, ಅದೂ ಹೋಯಿತು.

ಒಂದು ನಿಮಿಷದ ಮೌನ? ಅದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ. ಆದರೆ ರೇಂಜ್‌ನಲ್ಲಿ ಮೌನವೆಂಬುದು ದಿನನಿತ್ಯದ ಸಂಗತಿ. ಗಂಟೆಗಟ್ಟಲೆ ಮಾತಿಲ್ಲದೆ ನಿಲ್ಲುವವರಿಗೆ ಇನ್ನೊಂದು ನಿಮಿಷ ನಿಲ್ಲುವುದು ವಿಶೇಷವೇ? ಪಂದ್ಯದ ದಿನ ನಿಂತೆವು. ಅರ್ಧ ಜನ ಅಭ್ಯಾಸಬಲದಿಂದ ಉಸಿರನ್ನು ನಿಧಾನ ಮಾಡಿಕೊಂಡು ಹೆಬ್ಬೆರಳುಗಳ ಮೇಲೆ ಭಾರ ಸರಿಪಡಿಸಿಕೊಳ್ಳುತ್ತಿದ್ದುದು ನನಗೆ ಕಂಡಿತು.

ಕೊನೆಗೆ ಉಳಿದದ್ದು ಒಂದೇ ಸಲಹೆ, ಅದು ಕೋಚ್‌ದು. ಪಂದ್ಯವನ್ನು ಕಾಗದದ ಮೇಲೆ ನಡೆಸೋಣ. ಎಲೆಕ್ಟ್ರಾನಿಕ್ ಟಾರ್ಗೆಟ್‌ಗಳನ್ನು ಆ ದಿನ ಆಫ್ ಮಾಡಿ, ಅಕ್ಕ ಮಾಡುತ್ತಿದ್ದ ಹಾಗೆಯೇ ಹಾಳೆ ಅಂಟಿಸಿ, ಸಂಖ್ಯೆ ಹಾಕಿ, ಗೇಜ್ ಹಿಡಿದು ಎಣಿಸೋಣ. ಎಲ್ಲರಿಗೂ ಹಿಡಿಸಿತು. ಮಾಡುವವರು ಯಾರು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಆ ವರ್ಷ ನನ್ನ ಮೊಣಕಾಲು ಸರಿಯಿರಲಿಲ್ಲ, ಪಂದ್ಯದಲ್ಲಿ ನಿಲ್ಲುವಂತಿರಲಿಲ್ಲ. ಹಾಗಾಗಿ ಸ್ಕೋರಿಂಗ್ ಮೇಜು ನನ್ನ ಪಾಲಾಯಿತು.

ಮೊದಲ ಕೆಲಸ ತಗಡಿನ ಪೆಟ್ಟಿಗೆಯನ್ನು ತೆರೆಯುವುದಾಗಿತ್ತು. ಒಳಗೆ ಮೂರು ಗೇಜ್‌ಗಳು, ಪ್ರತಿಯೊಂದೂ ಹತ್ತಿಬಟ್ಟೆಯಲ್ಲಿ ಸುತ್ತಿದ್ದು. ಒಂದು ಭೂತಕನ್ನಡಿ. ಟ್ರಿಗರ್ ತೂಕ ನೋಡುವ 500 ಗ್ರಾಂನ ತೂಕದ ಬಟ್ಟು. ಏರ್ ಪಿಸ್ತೂಲಿನ ಟ್ರಿಗರ್ ಆ ಭಾರವನ್ನು ಬಿಡದೆ ಎತ್ತಿ ಹಿಡಿಯಬೇಕು, ಇಲ್ಲವಾದರೆ ಪಿಸ್ತೂಲು ಒಳಗೆ ಹೋಗುವುದಿಲ್ಲ. ಸ್ಟೇಪ್ಲರ್ ಎರಡು, ಒಂದರ ಹಿಡಿಕೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿತ್ತು. ಒಂದು ನೋಟ್‌ಬುಕ್. ಅದರಲ್ಲಿ ನಮ್ಮಲ್ಲಿರುವ ಪ್ರತಿಯೊಂದು ಗಾಳಿ ಸಿಲಿಂಡರ್‌ನ ಸಂಖ್ಯೆ, ಅವಧಿ ಮುಗಿಯುವ ತಿಂಗಳು. ನನ್ನದರ ಮುಂದೆ ಕೆಂಪು ಗೆರೆ ಇತ್ತು. ಹೋಗಿ ನೋಡಿದರೆ ನಿಜವಾಗಿಯೂ ಅವಧಿ ಮುಗಿಯಲು ಇನ್ನು ಐದು ವಾರ ಬಾಕಿ. ಇನ್ನೂರು ಬಾರ್ ಒತ್ತಡದ ಗಾಳಿಯನ್ನು ಕೆನ್ನೆಯ ಬಳಿ ಇಟ್ಟುಕೊಂಡು ನಿಲ್ಲುವವನು ನಾನು. ದಿನಾಂಕ ನೋಡುತ್ತಿದ್ದವರು ಅವರು. ಪೆಟ್ಟಿಗೆಯ ತಳದಲ್ಲಿ ಒಂದು ಕಂದು ಲಕೋಟೆ ಇತ್ತು. ಹಳೆಯ ಹಾಳೆಗಳು ಎಂದುಕೊಂಡು ಬದಿಗಿಟ್ಟೆ.

ಎರಡು ವಾರ ಗೇಜ್ ಹಾಕುವುದನ್ನು ಕಲಿತೆ. ನೋಡಿದಾಗ ಸುಲಭ. ಮಾಡಿದಾಗ ಮೊದಲ ಹತ್ತು ಹಾಳೆಗಳ ಪೈಕಿ ಏಳನ್ನು ಹಾಳು ಮಾಡಿದೆ. ಕಡ್ಡಿ ಕೂದಲೆಳೆಯಷ್ಟು ಓರೆಯಾದರೂ ತೂತಿನ ಅಂಚು ಹರಿಯುತ್ತದೆ. ಕೈ ಒತ್ತಬಾರದು, ಗೇಜ್ ತನ್ನ ಭಾರದಿಂದಲೇ ಇಳಿಯಬೇಕು. ಹಾಳೆಯನ್ನು ಗಟ್ಟಿ ಮೇಜಿನ ಮೇಲಿಟ್ಟರೆ ಕಡ್ಡಿಯ ತುದಿ ಕೆಳಗೆ ತಾಗಿ ಮೇಲೇಳುತ್ತದೆ ಎಂಬುದು ಮೂರನೆಯ ದಿನ ತಿಳಿಯಿತು. ಅಕ್ಕನ ಮೇಜಿನ ಮೇಲೆ ಯಾವಾಗಲೂ ಒಂದು ಹಳೆಯ ಕಂಬಳಿಯ ಚೂರು ಏಕಿರುತ್ತಿತ್ತು ಎಂಬುದೂ ಆಗಲೇ ತಿಳಿಯಿತು. ಅದನ್ನು ನಾವು ಅವರ ಮೊಣಕೈ ನೋಯದಿರಲೆಂದು ಇಟ್ಟದ್ದು ಎಂದುಕೊಂಡಿದ್ದೆವು! ಆ ಚೂರನ್ನು ಹುಡುಕಿದರೆ ಸಿಗಲಿಲ್ಲ. ಶುಚಿ ಮಾಡುವ ಹುರುಪಿನಲ್ಲಿ ನಮ್ಮವರೇ ಯಾರೋ ಎಸೆದುಬಿಟ್ಟಿದ್ದರು.

ಇನ್ನೊಂದು ಸಂಗತಿ ಆಗ ಗೊತ್ತಾಯಿತು. ಗೇಜ್ ಹಾಕಬೇಕಾದ ಗುಂಡುಗಳಿಗಿಂತ ಗೇಜ್ ಹಾಕಬಾರದ ಗುಂಡುಗಳನ್ನು ಗುರುತಿಸುವುದೇ ಹೆಚ್ಚಿನ ವಿದ್ಯೆ. ಕಣ್ಣಿಗೇ ಸ್ಪಷ್ಟವಾಗಿ ಕಾಣುವುದಕ್ಕೆ ಕಡ್ಡಿ ಹಾಕುತ್ತಾ ಕುಳಿತರೆ ರಾತ್ರಿಯಾಗುತ್ತದೆ. ನಮ್ಮದು ಹತ್ತು ಲೇನ್, ಎರಡು ಸರದಿ, ತಲಾ ಅರವತ್ತು ಗುಂಡು. ಅಂದರೆ 120 ಹಾಳೆ, 1200 ತೂತು. ಅಕ್ಕ ಇಷ್ಟನ್ನು ಸಂಜೆಯ ಬಹುಮಾನಕ್ಕೆ ಮೊದಲು ಮುಗಿಸುತ್ತಿದ್ದರು, ಒಬ್ಬ ಸಹಾಯಕನನ್ನು ಇಟ್ಟುಕೊಂಡು. ನಾವು ಏಳು ಜನ ಕುಳಿತೆವು.

ಪಂದ್ಯದ ದಿನ ಬೆಳಗ್ಗೆ ನಾನೇ ಬೀಗ ತೆಗೆದೆ. ಹಾಳೆಗಳನ್ನು ಹಿಂದಿನ ರಟ್ಟಿಗೆ ಸೇರಿಸಿ ಸ್ಟೇಪಲ್ ಹೊಡೆಯಲು ಶುರುಮಾಡಿದೆ. ಹಿಂದೆ ರಟ್ಟು ಬೇಕೇ ಬೇಕು. ಒಂದೇ ತೂತಿನಲ್ಲಿ ಎರಡು ಪೆಲೆಟ್ ಹೋಗಿದೆಯೋ ಎಂಬ ಅನುಮಾನ ಬಂದಾಗ ಅದು ಸಾಕ್ಷಿ ಹೇಳುತ್ತದೆ. ಮೂರನೆಯದೋ ನಾಲ್ಕನೆಯದೋ ಹೊಡೆಯುವಾಗ ಹೊರಗೆ ಮಾತಾಡುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದರು. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಮೂರು ನಾಲ್ಕು ಮುಖಗಳು. ಟಕ್ ಟಕ್ ಸದ್ದು ಕೇಳಿ ಬಂದವರು. ನನ್ನನ್ನು ನೋಡಿ ಮತ್ತೆ ಹೊರಗೆ ಹೋದರು. ಆ ದಿನದ ಮೌನಾಚರಣೆ ನನ್ನ ಲೆಕ್ಕದಲ್ಲಿ ಅದೇ.

ಆಮೇಲೆ ಎಲ್ಲವೂ ಎಡವಟ್ಟಾಯಿತು. ಸೈಟರ್ ಹಾಳೆಗಳನ್ನು, ಅಂದರೆ ಅಂಕಕ್ಕೆ ಸೇರದ ಅಭ್ಯಾಸದ ಗುಂಡುಗಳ ಹಾಳೆಗಳನ್ನು, ಗುರುತಿಸಲು ಬಲ ಮೇಲ್ಮೂಲೆಯಲ್ಲಿ ಕಪ್ಪು ಪಟ್ಟಿ ಇರಬೇಕು. ನಾವು ಎಳೆಯಲು ಮರೆತಿದ್ದೆವು. ಕಾಗದದ ಪಂದ್ಯಕ್ಕೆ 90 ನಿಮಿಷ, ಎಲೆಕ್ಟ್ರಾನಿಕ್‌ಗೆ 75. ಹೊಸ ಹುಡುಗರಿಗೆ ಅದು ಗೊತ್ತಿಲ್ಲದೆ ಕೆಲವರು ಅವಸರದಲ್ಲಿ ಮುಗಿಸಿ ಕೈಕಟ್ಟಿ ನಿಂತರು. ಇನ್ನು ಕೆಲವರಿಗೆ ಪ್ರತಿ ಗುಂಡಿನ ನಂತರ ಪಕ್ಕದ ಪರದೆ ನೋಡುವ ರೂಢಿ. ಪರದೆ ಕಪ್ಪಾಗಿದ್ದರೂ ಕತ್ತು ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ಎರಡನೆಯ ಸರದಿಗೆ ರಟ್ಟು ಸಾಲಲಿಲ್ಲ. ಇಷ್ಟು ರಟ್ಟು ಪ್ರತಿ ಪಂದ್ಯಕ್ಕೂ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಆಗ ಅಕ್ಕನ ಮಗಳು, “ನಮ್ಮ ಮನೆಗೆ ಬರುವ ಒಂದು ಪೆಟ್ಟಿಗೆಯನ್ನೂ ಎಸೆಯಲು ಅಮ್ಮ ಬಿಡುತ್ತಿರಲಿಲ್ಲ. ಮಂಚದ ಕೆಳಗೆ ಇನ್ನೂ ಒಂದು ರಾಶಿ ಇದೆ” ಎಂದಳು. ಹೋಗಿ ತಂದಳು. ಚೊಕ್ಕವಾಗಿ ಒಂದೇ ಅಳತೆಗೆ ಕತ್ತರಿಸಿದ ರಟ್ಟುಗಳು, ಐವತ್ತು ಐವತ್ತರ ಕಟ್ಟು.

ಮಧ್ಯಾಹ್ನದ ಹೊತ್ತಿಗೆ ಆರನೆಯ ಲೇನ್‌ನ ಹುಡುಗ ಅಳತೊಡಗಿದ. ಅವನ ಹಾಳೆಯಲ್ಲಿ ಒಂದು ಗುಂಡು ಕಮ್ಮಿ, ಏಳನೆಯ ಲೇನ್‌ನ ಹಾಳೆಯಲ್ಲಿ ಒಂದು ಹೆಚ್ಚು. ಕ್ರಾಸ್ ಫೈರ್. ಪಕ್ಕದವನ ಟಾರ್ಗೆಟ್‌ಗೆ ಹೊಡೆದರೆ ಅದು ಸೊನ್ನೆ, ಎಷ್ಟೇ ಚಂದದ ಹತ್ತಾಗಿದ್ದರೂ. ಇಂಥವರಿಗೆ ಅಕ್ಕ ಹೇಳುವ ಒಂದು ಕಥೆಯಿತ್ತು, ನಾವೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್, 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್. ಅಮೆರಿಕದ ಮ್ಯಾಥ್ಯೂ ಎಮನ್ಸ್ ಕೊನೆಯ ಗುಂಡಿಗೆ ಮೊದಲು ಮೂರು ಅಂಕ ಮುಂದಿದ್ದ. ಎರಡನೆಯ ಲೇನ್‌ನಲ್ಲಿ ನಿಂತು ಮೂರನೆಯ ಲೇನ್‌ನ ಟಾರ್ಗೆಟ್‌ಗೆ ಹೊಡೆದ. ಸೊನ್ನೆ. ಚಿನ್ನ ಚೀನಾದ ಜಿಯಾ ಝಾನ್‌ಬೊಗೆ ಹೋಯಿತು, ಎಮನ್ಸ್ ಎಂಟನೆಯವನಾದ. ಆ ಸಂಜೆ ಅವನನ್ನು ಸಮಾಧಾನ ಮಾಡಲು ಬಂದ ಜೆಕ್ ಶೂಟರ್ ಕಾತೆರ್ಜಿನಾ ಕುರ್ಕೊವಾಳನ್ನೇ ಅವನು 2007ರಲ್ಲಿ ಮದುವೆಯಾದ.

ನಾನು ಆ ಹುಡುಗನಿಗೆ ಇದನ್ನೇ ಹೇಳಲು ಹೋದೆ. ಅವನು ಕಣ್ಣೊರೆಸಿಕೊಂಡು, “ನನಗೆ ಈಗ ಮದುವೆ ಬೇಡ ಸರ್, ಅಂಕ ಬೇಕು” ಎಂದ. ಅಕ್ಕ ಮದುವೆಯ ಭಾಗವನ್ನು ಯಾವತ್ತೂ ಹೇಳುತ್ತಿರಲಿಲ್ಲ ಎಂಬುದು ಆಗ ನೆನಪಾಯಿತು. ಅದನ್ನು ನಾವೇ ಆಮೇಲೆ ಎಲ್ಲೋ ಓದಿ ಸೇರಿಸಿಕೊಂಡದ್ದು. ಅವರು ‘ಎಂಟನೆಯವನಾದ’ ಎಂಬಲ್ಲಿಗೆ ನಿಲ್ಲಿಸಿ, ನಾಲ್ಕು ವರ್ಷಗಳ ನಂತರ ಅದೇ ಮನುಷ್ಯ ಬೀಜಿಂಗ್‌ನಲ್ಲಿ ಮತ್ತೆ ಲೈನ್ ಮೇಲೆ ನಿಂತಿದ್ದ ಎನ್ನುತ್ತಿದ್ದರು. “ಮುಂದಿನ ಹಾಳೆ ತಗೋ” ಎಂದು ಕೈಗೆ ಕೊಡುತ್ತಿದ್ದರು. ನಾನೂ ಹಾಳೆ ಕೊಟ್ಟೆ.

ಬೀಜಿಂಗ್ ಎಂದ ಮೇಲೆ ಇನ್ನೊಂದು ನೆನಪು. 2008ರಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದ ಫೈನಲ್‌ನ ಕೊನೆಯ ಗುಂಡಿಗೆ ಮೊದಲು ಅವರೂ ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಕೂಡ ಸಮಸಮ ಇದ್ದರು. ದಶಮಾಂಶದಲ್ಲಿ ಅಂಕ ಎಣಿಸುವ ಆ ಫೈನಲ್‌ನಲ್ಲಿ ಬಿಂದ್ರಾ ಕೊನೆಗೆ ಹೊಡೆದದ್ದು 10.8, ಹಾಕಿನೆನ್ 9.7. ಒಬ್ಬರಿಗೆ ಚಿನ್ನ, ಇನ್ನೊಬ್ಬರಿಗೆ ಕಂಚು. ಒಂದು ದಶಮಾಂಶಕ್ಕೆ ಕಾಲು ಮಿಲಿಮೀಟರ್‌ನ ಲೆಕ್ಕದಲ್ಲಿ ಅಕ್ಕ ಅದನ್ನು ಒಂದು ಚೀಟಿಯ ಮೇಲೆ ಗುಣಿಸಿ ತೋರಿಸಿದ್ದರು: ಎರಡರ ನಡುವೆ ಮೂರು ಮಿಲಿಮೀಟರ್ ಕೂಡ ಪೂರ್ತಿಯಾಗಿ ಇಲ್ಲ. ಮಾತು ಮುಗಿಸಿ ಅದೇ ಚೀಟಿಯ ಹಿಂದೆ ಯಾರದೋ ಸ್ಕೋರ್ ಕೂಡಿಸತೊಡಗಿದ್ದರು.

ಪಂದ್ಯ ಯಾರು ಗೆದ್ದರು ಎಂಬುದನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ. ಫಲಿತಾಂಶ ಬಂದದ್ದು ರಾತ್ರಿ ಎಂಟೂವರೆಗೆ. ಅಷ್ಟು ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿದ್ದರು. ನೆಲದ ಮೇಲೆ ಬಿದ್ದ ಸೀಸದ ಚೂರುಗಳನ್ನು ಒಣ ಪೊರಕೆಯಲ್ಲಿ ಗುಡಿಸಬಾರದು, ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೋಚ್, ನಾನು, ಅಕ್ಕನ ಮಗಳು ಉಳಿದೆವು. ಪೆಟ್ಟಿಗೆಯಲ್ಲಿ ಗೇಜ್‌ಗಳನ್ನು ಮರಳಿ ಇಡುವಾಗ ಆ ಕಂದು ಲಕೋಟೆ ಮತ್ತೆ ಕೈಗೆ ಬಂತು. ತೆರೆದೆವು.

ಹನ್ನೊಂದು ಹಾಳೆಗಳು. ಪ್ರತಿಯೊಂದರ ಮೂಲೆಯಲ್ಲಿ ಒಂದು ದಿನಾಂಕ, ವರ್ಷಕ್ಕೊಂದು, ಎಲ್ಲವೂ ವರ್ಷದ ಕೊನೆಯ ವಾರದವು. ಪ್ರತಿಯೊಂದರಲ್ಲೂ ಹತ್ತು ತೂತುಗಳು. ಹೆಸರಿಲ್ಲ, ಸ್ಕೋರ್ ಇಲ್ಲ. ಆದರೆ ದಿನಾಂಕದ ಕೈಬರಹ ನಮ್ಮ ಕಣ್ಣಿಗೆ ಗೊತ್ತಿರುವಂಥದ್ದು. ರಜೆಗೆ ರೇಂಜ್ ಮುಚ್ಚುವ ದಿನ ಎಲ್ಲರೂ ಹೋದ ಮೇಲೆ, ಡಬ್ಬಿಗಳಲ್ಲಿ ಉಳಿದ ಪೆಲೆಟ್‌ಗಳಲ್ಲಿ ಹತ್ತನ್ನು ಅವರು ಹೊಡೆಯುತ್ತಿದ್ದಿರಬೇಕು. ಅವರು ರೈಫಲ್ ಎತ್ತಿದ್ದನ್ನು ನಾವು ಯಾರೂ ನೋಡಿಲ್ಲ. ಮಗಳಿಗೂ ತಿಳಿದಿರಲಿಲ್ಲ.

ಹಾಗೆಯೇ ಇಟ್ಟುಬಿಡೋಣ ಎಂದು ಕೋಚ್ ಹೇಳಿದರು. ಅವರ ದನಿ ಸರಿಯಿರಲಿಲ್ಲ. ಮಗಳು ಹಾಳೆಗಳನ್ನು ಒಂದೊಂದಾಗಿ ನೋಡಿ ನನ್ನ ಮುಂದೆ ಇಟ್ಟಳು. “ಎಣಿಸಿ ಅಣ್ಣ” ಎಂದಳು.

ಎಣಿಸಿದೆ. ಮೊದಲ ಹಾಳೆ 58. ಗುಂಡುಗಳು ಎಡಕ್ಕೆ, ಕೆಳಕ್ಕೆ, ಎಲ್ಲೆಲ್ಲೋ. ಎರಡನೆಯದು 64. ಐದನೆಯ ಹಾಳೆಗೆ ಬಂದಾಗ ಕೋಚ್ ಮೊದಲು ನೋಡಿ ಹೋ ಎಂದು ನಗಲು ಶುರುಮಾಡಿದರು. ಒಂದು ಗುರಿಯಲ್ಲಿ ಎರಡು ತೂತು, ಪಕ್ಕದ್ದು ಖಾಲಿ. ಒಂದೇ ಗುರಿಗೆ ಎರಡು ಸಲ ಹೊಡೆದಿದ್ದರು! ಹದಿನಾಲ್ಕು ವರ್ಷ ನಮ್ಮನ್ನೆಲ್ಲ ಗುರಿ ಎಣಿಸಿಕೊಂಡು ಹೊಡೆಯಿರಿ ಎಂದು ಬೈದವರು. ಮಗಳಿಗೆ ಅರ್ಥವಾಗಲಿಲ್ಲ, ವಿವರಿಸಿದ ಮೇಲೆ ಅವಳೂ ನಕ್ಕಳು, ಆಮೇಲೆ ಬಹಳ ಹೊತ್ತು ಕರವಸ್ತ್ರ ಮುಖದಿಂದ ತೆಗೆಯಲಿಲ್ಲ.

ಕೊನೆಯ ಹಾಳೆ ಕಳೆದ ವರ್ಷದ್ದು. ಚೆನ್ನಾಗಿತ್ತು, ನಿಜವಾಗಿಯೂ ಚೆನ್ನಾಗಿತ್ತು. ಒಂಬತ್ತು ಗುಂಡುಗಳಿಗೆ 76 ಆಯಿತು. ಹತ್ತನೆಯದು ಗೆರೆಯ ಮೇಲಿತ್ತು. “ಇದು ಹತ್ತು” ಎಂದರು ಕೋಚ್, ನಾನು ಭೂತಕನ್ನಡಿ ಎತ್ತುವ ಮೊದಲೇ. “ಹತ್ತೇ. ಬರೆ.” ನನಗೂ ಹಾಗೆಯೇ ಕಂಡಿತು, ಅಥವಾ ಹಾಗೆ ಕಾಣಲಿ ಎಂದು ಆಸೆಯಾಯಿತು. ಹಾಳೆಯ ಕೆಳಗೆ ನನ್ನ ಜಾಕೆಟ್ ಹಾಸಿದೆ. ಹತ್ತಿಬಟ್ಟೆಯಿಂದ ಗೇಜ್ ತೆಗೆದು ತೂತಿನ ಮೇಲೆ ನಿಲ್ಲಿಸಿ ಕೈಬಿಟ್ಟೆ, ತಾನಾಗಿಯೇ ಇಳಿಯಿತು. ಕನ್ನಡಿಯಲ್ಲಿ ಬಿಲ್ಲೆಯ ಅಂಚು ಎಂಟರ ಗೆರೆಯನ್ನು ದಾಟಿ ನಿಂತಿತ್ತು. ಬಲಗಡೆ, ತೀರಾ ಸ್ವಲ್ಪ.

ಕೋಚ್ ಇನ್ನೊಂದು ಸಲ ಹಾಕು ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ.

ತೂತಿನ ಪಕ್ಕ 9 ಎಂದು ಬರೆದು ಕಿರುಸಹಿ ಹಾಕಿದೆ. ಒಟ್ಟು 85. ಎರಡನೆಯ ಸಹಿಗಾಗಿ ಪೆನ್ನನ್ನು ಕೋಚ್‌ಗೆ ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಮುನಿಸಿಕೊಂಡೇ ಹಾಕಿದರು.